ಮಳೆಗೆ ಮೊದಲು ಬೆಟ್ಟದ ದಾರಿ



ಶಿವರಾತ್ರಿ ಕಳೆಯಿತು. ಚಳಿ ಹೋಯಿತು. ಮುತ್ತುಗದ ಮರ ಕೆಂಪಗೆ ಹೂ ಬಿಟ್ಟಿತು. ಮಾವು ಚಿಗುರಿತು. ವಸಂತ ಬಂತು.

ಮಲೆನಾಡಿನ ನಮಗೆ ಇದು ದರಗು ಗುಡಿಸುವ ಕಾಲ. ಪೇಟೆಯವರಿಗೆ ಬೆಟ್ಟ ನೋಡುವ ಕಾಲ. ಬೆನ್ನಿಗೆ ಚೀಲ ಹಾಕಿಕೊಂಡು ಅವರು ಬರುತ್ತಾರೆ. ಬೆಟ್ಟ ಹತ್ತಿ ಇಳಿದು ಹೋಗುತ್ತಾರೆ. ಇದಕ್ಕೆ ಚಾರಣ ಎಂದು ಹೆಸರು.

ಇವತ್ತು ಬೆಟ್ಟದ ದಾರಿಯ ಬಗ್ಗೆ ಓದೋಣ.

ದಾರಿ ಯಾರದು?

ಕೊಡಚಾದ್ರಿಯ ಹೆಸರು ನಿಮಗೆ ಗೊತ್ತು. ಅದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದೆ. ಎತ್ತರ 1,343 ಮೀಟರ್. ತುದಿಯಲ್ಲಿ ಕಲ್ಲಿನ ಪುಟ್ಟ ಗುಡಿ ಇದೆ. ಅದನ್ನು ಸರ್ವಜ್ಞಪೀಠ ಎನ್ನುತ್ತಾರೆ. ಕೊಲ್ಲೂರಿನ ಕಡೆಯಿಂದ ಜನ ಜೀಪಿನಲ್ಲಿ ಬರುತ್ತಾರೆ. ಹಿಡ್ಲುಮನೆ ಅಬ್ಬಿಯ ಕಡೆಯಿಂದ ನಡೆದು ಹತ್ತುವವರೂ ಇದ್ದಾರೆ.

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಇನ್ನೂ ಎತ್ತರ. ಅದು ಸುಮಾರು 1,930 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ ಅದು.

ಇಂಥ ದಾರಿಗಳನ್ನು ಪೇಟೆಯವರು ಮಾಡಿದ್ದಲ್ಲ. ಹಿಂದೆ ದೇವರಿಗೆ ಹೋಗುವವರು ನಡೆದರು. ದನ ಕಾಯುವವರು ನಡೆದರು. ಸೊಪ್ಪಿಗೆ ಹೋಗುವ ಹೆಂಗಸರು ನಡೆದರು. ನಡೆದು ನಡೆದೇ ದಾರಿ ಆಯಿತು. ಚಾರಣದವರು ವರ್ಷಕ್ಕೆ ಒಂದು ದಿನ ಬರುತ್ತಾರೆ. ನಾವು ದಿನಾ ಓಡಾಡುತ್ತೇವೆ. ದಾರಿ ಕೆಟ್ಟರೆ ಬೀಳುವವರು ನಾವೇ.

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹಾಗೆ ಬಿದ್ದರು. ತಲೆ ಮೇಲೆ ಹುಲ್ಲಿನ ಹೊರೆ ಇತ್ತು. ದಾರಿ ನಡುವೆ ಮೊಣಕಾಲುದ್ದ ಕೊರಕಲು ಇತ್ತು. ಕಾಲು ಜಾರಿತು. ಬಲಗೈ ಮುರಿಯಿತು. ಒಂದೂವರೆ ತಿಂಗಳು ಅವರು ಬಳಪ ಹಿಡಿಯಲಿಲ್ಲ. ಕೂಲಿಯೂ ಹೋಯಿತು.

ಅವರ ಕೈ ವಾಸಿಯಾದ ಮೇಲೆ ನಾವೆಲ್ಲ ಸೇರಿ ಆ ದಾರಿ ನೋಡಲು ಹೋದೆವು.

ಮಣ್ಣು ಎಲ್ಲಿಗೆ ಹೋಯಿತು?

ದಾರಿಯಲ್ಲಿ ಬರೀ ಕಲ್ಲು, ಬೇರು ಎದ್ದು ಕಾಣುತ್ತಿತ್ತು.

"ಅಕ್ಕೋರೆ, ಮೊದ್ಲು ಇಲ್ಲಿ ಮಣ್ಣಿತ್ತು. ಎಲ್ಲಿಗೆ ಹೋಯ್ತು?" ಒಬ್ಬರು ಕೇಳಿದರು.

"ಮಳೆ ತಗೊಂಡು ಹೋಯ್ತು ಕಣೆ," ಅಂದರು ವಯಸ್ಸಾದ ಅಮ್ಮ.

ಅವರ ಮಾತು ಸರಿ. ಮಳೆ ನೀರು ಇಳಿಜಾರು ಹುಡುಕುತ್ತದೆ. ಮೇಲಿಂದ ಕೆಳಗೆ ನೇರವಾಗಿ ಹೋಗುವ ಕಾಲುದಾರಿ ಅದಕ್ಕೆ ಸುಲಭದ ಕಾಲುವೆ. ಓಡುತ್ತ ಓಡುತ್ತ ನೀರಿನ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದ ಹಾಗೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಮೊದಲ ವರ್ಷ ಸಣ್ಣ ಗೆರೆ ಬೀಳುತ್ತದೆ. ಕೆಲವು ವರ್ಷಕ್ಕೆ ಅದೇ ಕೊರಕಲು.

ಮನುಷ್ಯರ ತಪ್ಪೂ ಇದೆ. ಕೊರಕಲು ಬಂದರೆ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಹುಲ್ಲು ಸಾಯುತ್ತದೆ. ಅಲ್ಲೂ ಮಣ್ಣು ಸಡಿಲ. ಹೀಗೆ ಒಂದು ದಾರಿ ಮೂರಾಗುತ್ತದೆ. ದಾರಿ ಬಳಸಿ ಹೋಗುವ ಕಡೆ ಅವಸರದವರು ನೇರ ಇಳಿಯುತ್ತಾರೆ. ಆ ಅಡ್ಡದಾರಿಯಲ್ಲಿ ಮುಂದಿನ ಮಳೆಗೆ ನೀರು ಇಳಿಯುತ್ತದೆ.

ನೀರನ್ನು ಪಕ್ಕಕ್ಕೆ ಕಳಿಸಬೇಕು

ತೋಟದಲ್ಲಿ ಬಸಿಗಾಲುವೆ ತೆಗೆಯುವುದು ನಿಮಗೆ ಗೊತ್ತು. ಬೆಟ್ಟದ ದಾರಿಗೂ ಅದೇ ಬುದ್ಧಿ ಬೇಕು.

1. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲಿನ ಸಾಲು ಹೂಳಬೇಕು. ಕಲ್ಲಿನ ಹೆಚ್ಚು ಭಾಗ ಮಣ್ಣಿನೊಳಗೆ ಇರಬೇಕು. ಮೇಲೆ ಸ್ವಲ್ಪವೇ ಕಾಣಬೇಕು.

2. ಕಲ್ಲಿನ ಸಾಲಿನ ಮೇಲ್ಬದಿಗೆ ಸಣ್ಣ ಕಾಲುವೆ ಬೇಕು. ನೀರು ಅದರಲ್ಲಿ ಬಂದು ದಾರಿಯ ಕೆಳಬದಿಗೆ ಹೋಗಬೇಕು.

3. ನೀರು ಬೀಳುವ ಕಡೆ ಹುಲ್ಲು ಅಥವಾ ಕಲ್ಲು ಇರಬೇಕು. ಸಡಿಲ ಮಣ್ಣಿನ ಮೇಲೆ ಬಿಟ್ಟರೆ ಅಲ್ಲಿ ಹೊಸ ಕೊರಕಲು ಆಗುತ್ತದೆ.

4. ಏರು ಹೆಚ್ಚಿದ್ದರೆ ಕಾಲುವೆಗಳು ಹತ್ತಿರ ಹತ್ತಿರ ಇರಬೇಕು.

5. ತುಂಬಾ ಕಡಿದಾದ ಕಡೆ ಕಲ್ಲಿನ ಮೆಟ್ಟಿಲು ಬೇಕು. ಅಲ್ಲಾಡುವ ಕಲ್ಲು ಇಡಬಾರದು.

6. ಅಡ್ಡದಾರಿಗೆ ಮುಳ್ಳು, ಒಣ ಟೊಂಗೆ ಹಾಕಿ ಮುಚ್ಚಬೇಕು. ಅಲ್ಲಿ ಮತ್ತೆ ಹುಲ್ಲು ಬರುತ್ತದೆ.

ಹಳೆಯ ಕಾಲುವೆ ಇದ್ದರೆ ಹೊಸದು ಬೇಡ. ಹೋದ ಮಳೆಗಾಲದ ಮಣ್ಣು, ಎಲೆ ಅದರಲ್ಲಿ ತುಂಬಿರುತ್ತದೆ. ಗುದ್ದಲಿಯಿಂದ ಅದನ್ನು ತೆಗೆದರೆ ಸಾಕು.

ಈ ಕೆಲಸಕ್ಕೆ ವಸಂತವೇ ಸರಿಯಾದ ಕಾಲ. ಮಳೆಗಾಲದಲ್ಲಿ ಕೆಸರು, ಇಂಬಳ. ಗುದ್ದಲಿ ಹಾಕಿದರೆ ಮಣ್ಣು ಹರಿದೇ ಹೋಗುತ್ತದೆ. ಮೃಗಶಿರ ಮಳೆ ಹಿಡಿಯುವ ಮೊದಲೇ ಮುಗಿಸಬೇಕು.

ಬೆಂಕಿಯ ಭಯ

ಈ ಕಾಲದಲ್ಲಿ ಬೆಟ್ಟದ ಹುಲ್ಲು ಒಣಗಿರುತ್ತದೆ. ಕಾಡಿನ ನೆಲದ ತುಂಬ ತರಗೆಲೆ. ಒಂದು ಬೀಡಿ ತುಂಡು ಸಾಕು, ಗುಡ್ಡವೇ ಹೊತ್ತಿಕೊಳ್ಳುತ್ತದೆ.

ಬೆಂಕಿ ಇಳಿಜಾರಿನಲ್ಲಿ ಕೆಳಗಿಂದ ಮೇಲಕ್ಕೆ ಬೇಗ ಓಡುತ್ತದೆ. ಏಕೆ? ಬಿಸಿ ಮೇಲಕ್ಕೆ ಏರುತ್ತದೆ. ಮೇಲಿನ ಹುಲ್ಲನ್ನು ಮೊದಲೇ ಕಾಯಿಸುತ್ತದೆ. ಆಮೇಲೆ ಬೆಂಕಿ ತಾಗಿದ ಕೂಡಲೇ ಅದು ಹತ್ತಿಕೊಳ್ಳುತ್ತದೆ.

2018ರ ಮಾರ್ಚ್ 11ರಂದು ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚು ಎದ್ದಿತು. ಚಾರಣಕ್ಕೆ ಬಂದವರು ಅದರ ನಡುವೆ ಸಿಕ್ಕಿಬಿದ್ದರು. ಅವರಲ್ಲಿ ಹೆಂಗಸರು ಬಹಳ ಇದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಇಂಥ ಭಯಕ್ಕೇ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಕೆಲವು ದಾರಿಗಳನ್ನು ಮುಚ್ಚುತ್ತದೆ. ಮುಚ್ಚಿದ ದಾರಿಯಲ್ಲಿ ಯಾರನ್ನೂ ಕರೆದುಕೊಂಡು ಹೋಗಬೇಡಿ. ಹೆಚ್ಚು ದುಡ್ಡು ಕೊಡುತ್ತೇವೆ ಎಂದರೂ ಬೇಡ.

ಶುಚಿಯಾದ ದಾರಿ ಬೆಂಕಿಯನ್ನೂ ತಡೆಯುತ್ತದೆ. ದಾರಿಯ ಮೇಲೆ ಎಲೆ ಇಲ್ಲದಿದ್ದರೆ ನೆಲದ ಸಣ್ಣ ಬೆಂಕಿ ಅಲ್ಲೇ ನಿಲ್ಲುತ್ತದೆ. ಎಲೆ ತುಂಬಿದ್ದರೆ ಅದು ದಾಟಿ ಆಚೆ ಹೋಗುತ್ತದೆ. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುವುದು ಇದಕ್ಕೇ.

ಬೆಂಕಿ ಕಂಡರೆ ಅದರ ಮೇಲಿನ ಇಳಿಜಾರಿನಲ್ಲಿ ನಿಲ್ಲಬೇಡಿ. ಮೇಲಕ್ಕೆ ಓಡಬೇಡಿ. ಬೆಂಕಿ ಇಲ್ಲದ ಪಕ್ಕಕ್ಕೆ ಸರಿಯಿರಿ. ಬರೀ ಬಂಡೆ, ಹಳ್ಳ, ಹುಲ್ಲಿಲ್ಲದ ನೆಲ ಹುಡುಕಿ. ಕೂಡಲೇ 112ಕ್ಕೆ ಫೋನ್ ಮಾಡಿ.

ಉಣುಗು ಇದೆ, ಎಚ್ಚರ

ಮಂಗನ ಕಾಯಿಲೆ ನಮ್ಮ ಸೀಮೆಯಲ್ಲೇ ಮೊದಲು ಕಂಡ ರೋಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಗೊತ್ತಾಯಿತು. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಚಳಿಗಾಲದಿಂದ ಮಳೆ ಹಿಡಿಯುವ ತನಕ ಇದರ ಕಾಟ ಹೆಚ್ಚು. ನಾವು ದಾರಿ ಗುಡಿಸುವುದೂ ಇದೇ ಕಾಲದಲ್ಲಿ.

ಆದ್ದರಿಂದ ಮೈ ತುಂಬ ಬಟ್ಟೆ ಹಾಕಿಕೊಳ್ಳಿ. ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚದಂತೆ ಹಚ್ಚುವ ಎಣ್ಣೆ ಕೇಳಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಮಂಗ ಸತ್ತಿದ್ದರೆ ಹತ್ತಿರ ಹೋಗಬೇಡಿ. ಆ ಕಡೆಯ ದರಗು ತರಬೇಡಿ. ಪಂಚಾಯಿತಿಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂತೇ? ಮಾಮೂಲಿ ಜ್ವರ ಎಂದು ಮಲಗಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ. "ಕಾಡಿಗೆ ಹೋಗಿದ್ದೆ" ಎಂದು ಮರೆಯದೆ ಹೇಳಿ.

ಕೆಲಸ ಹೇಗೆ ಶುರು ಮಾಡುವುದು?

"ಗುದ್ದಲಿ ಹಿಡ್ಕೊಂಡು ನಾಳೆನೇ ಹೋಗಾಣ," ಎಂದರು ಕೈ ಮುರಿದಿದ್ದ ಅಕ್ಕ.

ನಾವು ತಡೆದೆವು. ಕಾಡಿನ ದಾರಿ ಅರಣ್ಯ ಇಲಾಖೆಗೆ ಸೇರಿದ್ದು. ಕೇಳದೆ ಮಣ್ಣು ಅಗೆಯಬಾರದು, ಟೊಂಗೆ ಕಡಿಯಬಾರದು. ಗ್ರಾಮ ಅರಣ್ಯ ಸಮಿತಿ ಇರುವ ಊರಿನಲ್ಲಿ ಹೆಂಗಸರೂ ಅದರ ಸದಸ್ಯರಾಗಬಹುದು. ಸಭೆಯಲ್ಲಿ ಮಾತಾಡಬಹುದು. ದಾರಿ ಕೆಲಸಕ್ಕೆ ಕೂಲಿ ಇದೆಯೇ ಎಂದೂ ಕೇಳಬಹುದು.

ಅವತ್ತು ಸಂಜೆ ನಾವು ಅರ್ಜಿ ಬರೆದೆವು. ಬೋರ್ಡಿನ ಮೇಲೆ ನಾವು ಒಂದೊಂದು ಸಾಲು ಬರೆದೆವು. ಅವರು ನೋಡಿ ಬರೆದರು. ಕೊನೆಗೆ ಹನ್ನೊಂದು ಜನ ಸಹಿ ಹಾಕಿದರು. ಹೆಬ್ಬೆಟ್ಟು ಒಂದೂ ಇರಲಿಲ್ಲ. ಕೈ ಮುರಿದಿದ್ದ ಅಕ್ಕನ ಸಹಿ ಸ್ವಲ್ಪ ಸೊಟ್ಟಗಿತ್ತು. ಆದರೂ ಹೆಸರು ಪೂರ್ತಿ ಇತ್ತು.

ಓದಿ

ಬೆಂಕಿ ಹಚ್ಚಬೇಡಿ.
ಅಡ್ಡದಾರಿ ಹಿಡಿಯಬೇಡಿ.
ಪ್ಲಾಸ್ಟಿಕ್ ಬಿಸಾಡಬೇಡಿ.
ದಾರಿ ಮುಚ್ಚಿದೆ.

ಹೊಸ ಪದಗಳು

ಚಾರಣ – ಬೆಟ್ಟ, ಕಾಡಿನಲ್ಲಿ ನಡೆದು ಹೋಗುವುದು
ಕೊರಕಲು – ನೀರು ಕೊರೆದ ಆಳವಾದ ಜಾಗ
ಬೆಂಕಿ ರೇಖೆ – ಬೆಂಕಿ ದಾಟದಂತೆ ಹುಲ್ಲು, ಎಲೆ ತೆಗೆದ ಪಟ್ಟಿ

ಉತ್ತರ ಬರೆಯಿರಿ

1. ದಾರಿಯಲ್ಲಿ ಕೊರಕಲು ಏಕೆ ಬೀಳುತ್ತದೆ?
2. ಬೆಂಕಿ ಕಂಡರೆ ಏಕೆ ಮೇಲಕ್ಕೆ ಓಡಬಾರದು?
3. 600 ಹೆಜ್ಜೆ ಉದ್ದದ ಏರು ದಾರಿ ಇದೆ. 20 ಹೆಜ್ಜೆಗೆ ಒಂದು ಕಾಲುವೆ ಬೇಕು. ಒಟ್ಟು ಎಷ್ಟು ಕಾಲುವೆ?

ಮಾತಾಡಿ

ನಿಮ್ಮ ಊರಿನ ಯಾವ ದಾರಿ ಕೆಟ್ಟಿದೆ? ಅದನ್ನು ಯಾರಿಗೆ ಹೇಳಬೇಕು? ಎಲ್ಲರೂ ಸೇರಿ ಒಂದು ಅರ್ಜಿ ಬರೆಯಿರಿ. ನಿಮ್ಮ ಹೆಸರನ್ನು ನೀವೇ ಬರೆಯಿರಿ.