ಕ್ಯಾಪ್ ಮತ್ತೆ ಮತ್ತೆ ಸುಟ್ಟರೆ?

ಪ್ರಶ್ನೆ: ಮುಂದಿನ ಹಲ್ಲಿಗೆ ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್ ಮಾಡಿಸುತ್ತಿದ್ದೇನೆ. ಬಣ್ಣ ಹೊಂದದೆ ಎರಡು ಬಾರಿ ಲ್ಯಾಬ್‌ಗೆ ಹೋಗಿ ಬಂತು. ಮತ್ತೆ ಸುಟ್ಟರೆ ಹಾಳಾಗುತ್ತದೆಯೇ?

ಉತ್ತರ: ಇನ್ನೊಂದು ಸಲಕ್ಕೆ ಗಾಬರಿ ಬೇಡ. ಪದರ ಪದರವಾಗಿ ಕಟ್ಟುವ ಈ ಪಿಂಗಾಣಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೇಗೂ ಹಲವು ಸಲ ಬೇಯುತ್ತದೆ. ಅತಿಯಾದರೆ ಮಾತ್ರ ತೊಂದರೆ. ಅದರೊಳಗಿನ ಲ್ಯೂಸೈಟ್ ಹರಳುಗಳ ಪ್ರಮಾಣ ಬದಲಾಗಿ, ಲೋಹದೊಂದಿಗೆ ಹಿಗ್ಗಿ ಕುಗ್ಗುವ ಹೊಂದಾಣಿಕೆ ತಪ್ಪಬಹುದು. ಆಗ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅಂಚುಗಳು ದುಂಡಗಾಗಬಹುದು, ಮೇಲಿನ ಬಣ್ಣ ಮಾಸಬಹುದು.

ಮುಂದಿನ ಭೇಟಿಯಲ್ಲಿ ಹಲ್ಲು ಒಣಗುವ ಮುನ್ನವೇ, ಹಗಲು ಬೆಳಕಿನಲ್ಲಿ, ಲಿಪ್‌ಸ್ಟಿಕ್ ಇಲ್ಲದೆ ಶೇಡ್ ನೋಡಿಸಿ. ಶೇಡ್ ಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ಫೋಟೊವನ್ನೂ ಲ್ಯಾಬ್‌ಗೆ ಕಳಿಸಲು ಹೇಳಿ. ವ್ಯತ್ಯಾಸ ದೊಡ್ಡದಿದ್ದರೆ ಪಿಂಗಾಣಿಯನ್ನು ಹೊಸದಾಗಿಯೇ ಕಟ್ಟಿಸುವುದು ಮೇಲು.