ಮಗುವಿಗೆ ಏನು ಪಾಠ? ಕೇಳುವ ಕ್ರಮ ಇದು

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಸುತ್ತಿನ ಪೋಷಕರು ಬರೆದ ಮಾಹಿತಿ ಹಕ್ಕಿನ ಅರ್ಜಿಗಳನ್ನು ನೋಡುತ್ತಾ ಬಂದಿದ್ದೇನೆ. ಶಾಲೆಯಲ್ಲಿ ಯಾವ ಪುಸ್ತಕ, ಯಾವ ಅಭ್ಯಾಸ ಹಾಳೆ ಬಳಸುತ್ತಾರೆಂದು ತಿಳಿಯುವ ಹಕ್ಕು ಅವರಿಗಿದೆ. ಆದರೂ ಹೆಚ್ಚಿನ ಅರ್ಜಿಗಳು ಬರಿಗೈಲಿ ಹಿಂದಿರುಗುತ್ತವೆ. ಕೇಳುವ ರೀತಿ ತಪ್ಪಿರುವುದೇ ಕಾರಣ.

ಅರ್ಜಿಗೆ ಮೊದಲು ಪುಸ್ತಕದ ಒಳಪುಟ ತೆರೆದು ಮುದ್ರಣದ ವರ್ಷ ನೋಡಿ. 2022ರ ಪಠ್ಯಪುಸ್ತಕ ಪರಿಷ್ಕರಣೆ ದೊಡ್ಡ ಜಗಳಕ್ಕೆ ಕಾರಣವಾಯಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಕೆಲವು ಪಾಠಗಳನ್ನು ಕೈಬಿಡಲು ನಿರ್ಧರಿಸಿತು. ಹಳೆಯ ಪುಟದ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ನೋಡಿ ಮುಖ್ಯ ಶಿಕ್ಷಕರ ಮೇಲೆ ರೇಗುವುದು ಅನ್ಯಾಯ. ರಾಜ್ಯ ಪಠ್ಯಕ್ರಮದ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದಕ್ಕೆ ಅರ್ಜಿಯೇ ಬೇಡ.

ನಲಿ-ಕಲಿ ಕಾರ್ಡು, ಕಲಿಕಾ ಹಾಳೆ, ಗ್ರಂಥಾಲಯದ ಪುಸ್ತಕ ಇವುಗಳ ಬಗ್ಗೆ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂತಹ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಅಲ್ಲೇ ಉತ್ತರ ಸಿಕ್ಕರೆ ಕಾಗದದ ಕೆಲಸ ತಪ್ಪುತ್ತದೆ.

ಸಿಗದಿದ್ದರೆ ಅರ್ಜಿ ಬರೆಯಿರಿ. ವಿಳಾಸ: ಸಾರ್ವಜನಿಕ ಮಾಹಿತಿ ಅಧಿಕಾರಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿ, ದೇವನಹಳ್ಳಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅವರೇ ಅಲ್ಲಿಗೆ ಕಳುಹಿಸಬೇಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಿ. ಮಾಹಿತಿ ಏಕೆ ಬೇಕೆಂದು ನೀವು ಹೇಳಬೇಕಿಲ್ಲ.

ಎಲ್ಲರೂ ಎಡವುವ ಜಾಗ ಇನ್ನು ಮುಂದಿದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಬಿಸಿಯೂಟ, ಶೌಚಾಲಯ, ಪುಸ್ತಕ, ಶಿಕ್ಷಕರ ರಜೆ ಎಲ್ಲವನ್ನೂ ಒಂದೇ ಹಾಳೆಗೆ ತುಂಬಿದ ಅರ್ಜಿ ನನ್ನ ಕೈಗೆ ಬಂದಿತ್ತು. ಅದು ನಿಯಮ ತೋರಿಸಿ ತಿರಸ್ಕರಿಸಿದ್ದ ಅರ್ಜಿ. ಎರಡನೆಯ ತಪ್ಪು ಇನ್ನೂ ದೊಡ್ಡದು: ‘ಏಕೆ’ ಎಂದು ಕೇಳುವುದು. ಮಾಹಿತಿ ಹಕ್ಕು ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಒಂದು ಉದಾಹರಣೆ ನೋಡಿ. ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ‘ನಮ್ಮ ತೋಪಿನ ವಿಷಯ ಮಕ್ಕಳಿಗೇಕೆ ಹೇಳಿಕೊಡುವುದಿಲ್ಲ?’ ಎಂದು ಬರೆದರೆ, ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂಬ ಉತ್ತರ ಬರುತ್ತದೆ. ಅದೇ ಮಾತನ್ನು ಹೀಗೆ ಬರೆಯಿರಿ: ‘ನಮ್ಮ ಶಾಲೆಯ 4ನೇ ತರಗತಿಯ ಪರಿಸರ ಅಧ್ಯಯನಕ್ಕೆ ಈ ಸಾಲಿನಲ್ಲಿ ಬಳಸಿದ ಪುಸ್ತಕ, ಅಭ್ಯಾಸ ಪುಸ್ತಕ, ಕಲಿಕಾ ಹಾಳೆಗಳ ಪಟ್ಟಿ ಮತ್ತು ಅವುಗಳ ದಾಸ್ತಾನು ವಹಿಯ ಪುಟಗಳ ದೃಢೀಕೃತ ನಕಲು ಕೊಡಿ.’ ಶಾಲೆಯ ಪೂರ್ಣ ಹೆಸರು, ಸಾಲು ನಮೂದಿಸುವುದನ್ನು ಮರೆಯಬೇಡಿ. ಪಟ್ಟಿಯಲ್ಲಿ ತೋಪಿನ ಹೆಸರಿಲ್ಲದಿದ್ದರೆ ಉತ್ತರ ಸಿಕ್ಕಂತೆಯೇ. ಸಮಿತಿಯ ಮುಂದಿನ ಸಭೆಗೆ ಆ ಪಟ್ಟಿ ಹಿಡಿದು ಹೋಗಿ. ಮೇಷ್ಟ್ರ ಮೇಲೆ ಗುಮಾನಿಯ ಒಂದು ಪದವೂ ಅರ್ಜಿಯಲ್ಲಿ ಬೇಡ. ನಾಳೆಯೂ ನಿಮ್ಮ ಮಗು ಅವರ ಮುಂದೆಯೇ ಕೂರಬೇಕು.

ಅನುದಾನರಹಿತ ಖಾಸಗಿ ಶಾಲೆಗೆ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಕಾನೂನಿನಡಿ ಶಿಕ್ಷಣ ಇಲಾಖೆ ಆ ಶಾಲೆಯಿಂದ ಪಡೆಯಬಹುದಾದ ದಾಖಲೆಯೂ ಕಾಯ್ದೆಯ ‘ಮಾಹಿತಿ’ಯೊಳಗೆ ಬರುತ್ತದೆ. ಅದನ್ನು ಬಿಇಒ ಕಚೇರಿಯಲ್ಲೇ ಕೇಳಿ.

ಸ್ವೀಕೃತಿ ಪತ್ರ ಜೋಪಾನವಾಗಿಡಿ. 30 ದಿನ ಕಳೆದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ತರದಿದ್ದರೆ, 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.