ಏನು ಓದುತ್ತೀರೋ, ಅದು ನಿಮ್ಮ ವಿಷಯ

ರಾಯದುರ್ಗ, ಮಡಕಶಿರಾ ಕಡೆಯ ಓದುಗರಿಗೊಂದು ಮಾತು. ಊರ ಲೈಬ್ರರಿಯಿಂದ ನೀವು ಯಾವ ಪುಸ್ತಕ ಒಯ್ದಿರಿ ಎಂಬುದು ನಿಮಗೂ ಗ್ರಂಥಪಾಲಕರಿಗೂ ಮಾತ್ರ ಗೊತ್ತಿದ್ದರೆ ಸಾಕು. 1960ರ ಆಂಧ್ರದ ಗ್ರಂಥಾಲಯ ಕಾಯ್ದೆಯಂತೆ ಮನೆ ತೆರಿಗೆಯ ಜೊತೆ ಸೆಸ್ ಕಟ್ಟುವವರು ನಾವೇ. ಯಾರ ಹಂಗೂ ಇಲ್ಲ.

ಚಿಕ್ಕ ಊರು, ಎಲ್ಲರೂ ಗುರುತಿನವರೇ. ಕುಡಿತ ಬಿಡುವ ಬಗ್ಗೆಯೋ ವಿಚ್ಛೇದನದ ಕಾನೂನಿನ ಬಗ್ಗೆಯೋ ಪುಸ್ತಕ ಒಯ್ದಿರೆನ್ನಿ. ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರಿನಲ್ಲಿ ಮುಂದಿನವರು ಸಹಿ ಹಾಕುವಾಗ ಮೇಲಿನ ಸಾಲಿನಲ್ಲೇ ನಿಮ್ಮ ಹೆಸರು! ಸಂಜೆಗೆ ಟೀ ಅಂಗಡಿಯಲ್ಲಿ ಸುದ್ದಿ. ಬರೆದ ಸಾಲುಗಳ ಮೇಲೆ ಒಂದು ರಟ್ಟು ಇಡಲು ಕೇಳಿ, ಖರ್ಚೇನೂ ಇಲ್ಲ. "ನಮ್ ಹುಡುಗಿ ಏನ್ ಓದ್ತಾಳೆ ಸಾರ್?" ಎಂದು ಗ್ರಂಥಪಾಲಕರನ್ನು ವಿಚಾರಿಸುವ ಬದಲು ಹುಡುಗಿಯನ್ನೇ ಕೇಳಿ.

ಇದು ಬರೀ ಸಂಕೋಚದ ಮಾತಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಆ ತೀರ್ಪಿಗೆ ಕಾರಣವಾದ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗಲೇ ಎಂಬತ್ತು ದಾಟಿದ್ದ ಹಿರಿಯರು.

ಸೆಸ್ ಕಟ್ಟುವವರು ನಾವೇ ತಾನೇ? ಹಾಗಾಗಿ ಬೇಕಾದ ಕನ್ನಡ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಸುಮ್ಮನೆ ಮರಳಬೇಡಿ. ಪುಸ್ತಕದ ಹೆಸರು ಬರೆದು ಕೊಟ್ಟೇ ಬನ್ನಿ.